ರೈಲು ನಿಲ್ಲಿಸಿದ ಹೆಡ್‌ಮಾಸ್ತರರು

ನಮ್ಮ ಹೆಡ್‌ಮಾಸ್ತರರ ಶ್ರದ್ಧಾಂಜಲಿ ಸಭೆಯಲ್ಲಿ ಭಾಷಣ ಮಾಡಿದವರೆಲ್ಲ ಅವರನ್ನು ದೇವರಂಥ ಮನುಷ್ಯ ಎಂದರು. ರೋಣದಿಂದ ಬಂದ ಅಧಿಕಾರಿಗಳು ಎಂದರು, ಊರಿನ ಹಿರಿಯರು ಎಂದರು. ಅವರನ್ನು ಒಂದು ಸಲವೂ ಕಂಡಿರದ ಪಕ್ಕದೂರಿನ ಮುಖಂಡರೊಬ್ಬರು ಎಲ್ಲರಿಗಿಂತ ಹೆಚ್ಚು ಹೊತ್ತು ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದೆ. ಈ ದೇವರಂಥ ಮನುಷ್ಯ ಶಾಲೆಯ ಪ್ರಾರ್ಥನೆ ಶುರು ಮಾಡಲು ಹೋಗಿ ಗೂಡ್ಸ್ ರೈಲು ನಿಲ್ಲಿಸಿದ್ದನ್ನು ಯಾರೂ ಹೇಳಲಿಲ್ಲ. ಹಲಗೆ ಒರೆಸುವ ಬಟ್ಟೆಯಿಂದಲೇ ಮೂಗನ್ನೂ ಒರೆಸಿಕೊಳ್ಳುತ್ತಿದ್ದುದನ್ನು ಹೇಳಲಿಲ್ಲ. ನನ್ನ ಬುತ್ತಿಯ ಕೆಂಪು ಚಟ್ನಿಯನ್ನು ಕೇಳದೆ ತೆಗೆದುಕೊಂಡು, ಆಮೇಲೆ ಉಪ್ಪು ಹೆಚ್ಚಾಗಿದೆ ಎಂದು ತಕರಾರು ತೆಗೆಯುತ್ತಿದ್ದುದನ್ನಂತೂ ಹೇಳುವುದು ದೂರವೇ ಉಳಿಯಿತು. ನನಗೆ ಸಿಟ್ಟು ಬಂತು. ಸತ್ತವರನ್ನು ಹೊಗಳಬಾರದು ಎಂದಲ್ಲ. ಆದರೆ ಹೊಗಳಿಕೆ ಕೇಳುತ್ತಾ ಹೋದಂತೆ ನನಗೆ ಗೊತ್ತಿದ್ದ ಮನುಷ್ಯ ಆ ಪೆಂಡಾಲಿನಿಂದ ಎದ್ದು ಹೋಗಿ, ಯಾರೋ ಗೊತ್ತಿಲ್ಲದವರು ಫೋಟೋದಲ್ಲಿ ಬಂದು ಕೂತಂತಾಗುತ್ತಿತ್ತು.

ನಾನು ಅವರ ಕೈಕೆಳಗೆ ಗಣಿತ ಕಲಿಸುತ್ತಿದ್ದೆ, ಈಗಲೂ ಅದೇ ಶಾಲೆಯಲ್ಲಿದ್ದೇನೆ. ರೋಣದಿಂದ ಬಸ್ಸಿಗೆ ಬಂದು, ಹೊಳೆಆಲೂರು ಇನ್ನೂ ಸ್ವಲ್ಪ ದೂರವಿರುವಾಗಲೇ ಇಳಿದು, ಎರೆಮಣ್ಣಿನ ದಾರಿ ಹಿಡಿದರೆ ನಮ್ಮ ಶಾಲೆ. ಮಳೆ ಬಿದ್ದ ದಿನ ಆ ದಾರಿಯಲ್ಲಿ ಚಪ್ಪಲಿ ಕಾಲಿನಲ್ಲಿರುವುದಿಲ್ಲ, ಕೈಯಲ್ಲಿರುತ್ತವೆ. ಶಾಲೆಯ ಒಂದು ಮಗ್ಗುಲಿಗೆ ಊರು, ಇನ್ನೊಂದು ಮಗ್ಗುಲಿಗೆ ಹೆಸರುಕಾಳಿನ ಹೊಲ, ಹೊಲದ ಆಚೆಗೆ ರೈಲು ಹಳಿ.

ಹೆಡ್‌ಮಾಸ್ತರರು ಗಿಡ್ಡ ಆಳು. ಮೂಗಿನ ತುದಿಯಲ್ಲಿ ಸದಾ ತಪಕೀರದ, ಅಂದರೆ ನಶ್ಯದ, ಕಂದು ಪುಡಿ. ಅವರು ಎರಡು ಬೆರಳಿನಿಂದ ತಪಕೀರ ಏರಿಸಿದರೆಂದರೆ ತಲೆಯಲ್ಲಿ ಏನೋ ಹುಟ್ಟಿತು ಎಂದು ನಾವು ತಿಳಿದುಕೊಳ್ಳಬೇಕು. ಹುಟ್ಟಿದ್ದನ್ನು ಸೋಮವಾರ ಬೆಳಗ್ಗೆ ಪಡಸಾಲೆಯ ಹಲಗೆಯ ಮೇಲೆ ‘ಈ ವಾರದ ಪ್ಲ್ಯಾನು’ ಎಂದು ಬರೆಯುತ್ತಿದ್ದರು. ಒಂದು ವಾರ, ಶನಿವಾರದ ದಿನ ಮಾಸ್ತರರು ಕೆಳಗೆ ಕೂತು ಹುಡುಗರು ಪಾಠ ಹೇಳಬೇಕೆಂಬ ಪ್ಲ್ಯಾನು. ನಾನು ಮೊಣಕಾಲು ನೋವಿನಲ್ಲಿ ನೆಲದ ಮೇಲೆ ಕೂತೆ. ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ನನಗೆ ಮಗ್ಗಿ ಹೇಳಿಕೊಟ್ಟು, ‘ಲಕ್ಷ್ಯ ಎಲ್ಲೈತಿ?’ ಎಂದು ಕೇಳಿದಳು. ಅದು ನನ್ನದೇ ಮಾತು, ನನ್ನದೇ ಧಾಟಿ. ಊರವರು ಹೆಡ್‌ಮಾಸ್ತರರಿಗೆ ಪ್ಲ್ಯಾನ್ ಮಾಸ್ತರ ಎಂದೇ ಹೆಸರಿಟ್ಟಿದ್ದರು. ಅವರಿಗೆ ಅದು ಗೊತ್ತಿತ್ತು, ಮತ್ತು ಬಿರುದು ಸಿಕ್ಕಷ್ಟು ಖುಷಿಯಾಗಿತ್ತು.

ಒಂದು ವರ್ಷ ಇಲಾಖೆಯಿಂದ ಆದೇಶ ಬಂತು. ಎಲ್ಲರನ್ನೂ ಒಳಗೊಳ್ಳುವ ಶಾಲಾ ಸಮುದಾಯ ಕಟ್ಟಬೇಕು, ಅದಕ್ಕೆ ಪ್ರತಿ ಶಾಲೆಯೂ ಯೋಜನೆ ಹಾಕಿಕೊಳ್ಳಬೇಕು. ಪ್ಲ್ಯಾನು ಹಾಕಿ ಎಂದು ಪ್ಲ್ಯಾನ್ ಮಾಸ್ತರರಿಗೆ ಆದೇಶ ಕಳಿಸಿದವರು ಯಾರೋ, ಅವರಿಗೆ ನಮ್ಮ ಕಷ್ಟ ಗೊತ್ತಿರಲಿಕ್ಕಿಲ್ಲ. ಉಳಿದ ಶಾಲೆಗಳವರು ಗೋಡೆಗೆ ಘೋಷಣೆ ಬರೆಸಿ, ಮೆಟ್ಟಿಲ ಪಕ್ಕ ರ‍್ಯಾಂಪ್ ಕಟ್ಟಿಸಿ ಕೈತೊಳೆದುಕೊಂಡರು. ನಮ್ಮಲ್ಲಿಯೂ ರ‍್ಯಾಂಪ್ ಬಂತು. ಅದನ್ನು ಮೊಟ್ಟಮೊದಲು ಬಳಸಿದ್ದು ಆಡುಗಳು.

ಸಿಮೆಂಟ್ ಒಣಗಿದ ಮರುದಿನವೇ ಒಂದು ಹಿಂಡು ಆಡು ಸಾಲಾಗಿ ರ‍್ಯಾಂಪ್ ಹತ್ತಿ ಐದನೆಯ ಇಯತ್ತೆಯೊಳಗೆ ಬಂದವು. ಅವುಗಳ ಹಿಂದೆ ಕೋಲು ಹಿಡಿದ ಎಂಟು ವರ್ಷದ ಹುಡುಗಿ. ಹೆಡ್‌ಮಾಸ್ತರರು ‘ಏ ಹುಡಿಗಿ’ ಎಂದು ಎಷ್ಟು ಕೂಗಿದರೂ ತಿರುಗಲಿಲ್ಲ. ಅವಳ ಹೆಸರು ದ್ಯಾಮಿ, ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬಂದಿಲ್ಲ. ತಂದೆ ತಾಯಿ ಗೋವಾಕ್ಕೆ ದುಡಿಯಲು ಹೋದವರು. ಇವಳು ಅಜ್ಜಿ ಫಕೀರವ್ವನ ಜೊತೆ ಇಲ್ಲೇ ಇದ್ದಳು. ದವಾಖಾನೆಯಲ್ಲಿ ಕೊಟ್ಟಿದ್ದ ಕಿವಿಯ ಮಷಿನ್ ಅವಳಿಗೆ ಬರೀ ಗದ್ದಲ ಕೇಳಿಸುತ್ತಿತ್ತಂತೆ. ಅದನ್ನು ಅವಳು ಒಂದು ಆಡಿನ ಕೊರಳಿಗೆ ಕಟ್ಟಿದ್ದಳು.

ಹೆಡ್‌ಮಾಸ್ತರರು ಅಂದೇ ಸಂಜೆ ನನ್ನನ್ನೂ ಕರೆದುಕೊಂಡು ಫಕೀರವ್ವನ ಮನೆಗೆ ಹೋದರು. ಫಕೀರವ್ವ ಖಡಕ್ ಹೆಣ್ಣುಮಗಳು. ಕೂಡ್ರಿ ಎನ್ನುವ ಮೊದಲೇ ಶುರು ಮಾಡಿದಳು.

“ನೋಡ್ರಿ ಸರ, ಇಕೀನ್ನ ಕಂಡಕಂಡವರೆಲ್ಲಾ ‘ಅಯ್ಯ ಪಾಪ’ ಅಂತಾರ. ಕೇಳಿ ಕೇಳಿ ನನಗ ಸಾಕಾಗೈತಿ. ಆಡು ಹಂಗ ಅನ್ನಂಗಿಲ್ಲ, ಅದಕ್ಕ ಆಡಿನ ಹಿಂದ ಕಳಸ್ತೀನಿ. ನೀವ ಇಷ್ಟ ಹೇಳ್ತೀರಿ ಅಂದ್ರ ದೀಪಾವಳಿ ತನಕ ಸಾಲಿಗೆ ಬರ್ಲಿ. ಅಷ್ಟರಾಗ ಎಲ್ಲಾರ ಹಂಗ ಆದ್ಲಂದ್ರ ಇರ್ಲಿ. ಅಲ್ಲೂ ‘ಅಯ್ಯ ಪಾಪ’ನ ಆದ್ರ ನನ್ನ ಆಡು ನನಗ ಇದ್ದ ಅದಾವ.”

“ಎಲ್ಲಾರ ಹಂಗ ಆದ್ಲು ಅಂತ ಹ್ಯಾಂಗ ಗೊತ್ತಾಗಬೇಕ ಆಯಿ?”

“ಅದ ನನಗೇನ ಗೊತ್ತ? ನೀವ ಪ್ಲ್ಯಾನ್ ಮಾಸ್ತರ.”

ಮೊದಲನೆಯ ಪ್ಲ್ಯಾನು, ಗೆಳತಿಯರ ಸರದಿ. ವಾರಕ್ಕೊಬ್ಬ ಹುಡುಗಿ ದ್ಯಾಮಿಯ ಗೆಳತಿಯಾಗಬೇಕು. ಪರಿಣಾಮ ಏನಾಯಿತೆಂದರೆ ದ್ಯಾಮಿ ಶಾಲೆಗೆ ಬಂದ ಬೀಗರಂತಾದಳು. ಮನೆಯಿಂದ ಬಂದ ಶೇಂಗಾ ಉಂಡಿ ಮೊದಲು ಅವಳಿಗೆ, ನೆರಳಿನ ಜಾಗ ಅವಳಿಗೆ, ಓಟದ ಪಂದ್ಯದಲ್ಲಿ ಅವಳು ಮುಂದೆ ಹೋಗಲೆಂದು ಉಳಿದವರೆಲ್ಲ ಬೇಕೆಂದೇ ಹಿಂದೆ. ಖೋ ಖೋ ಆಟದಲ್ಲಿ ಯಾರೂ ಅವಳನ್ನು ಮುಟ್ಟಿ ಔಟ್ ಮಾಡುತ್ತಿರಲಿಲ್ಲ. ಅವಳು ಸ್ವಲ್ಪ ಹೊತ್ತು ಓಡಿ, ಬೆನ್ನು ಹತ್ತುವವರೇ ಇಲ್ಲವೆಂದು ಗೊತ್ತಾದ ಮೇಲೆ ಬೇಸರದಿಂದ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದಳು. ಶಿಕ್ಷಕರೂ ಕಡಿಮೆ ಇರಲಿಲ್ಲ. ಅವಳು ಲೆಕ್ಕ ತಪ್ಪು ಮಾಡಿದರೂ ನಾನು ಸರಿ ಗುರುತು ಹಾಕುತ್ತಿದ್ದೆ.

ಹೆಡ್‌ಮಾಸ್ತರರು ಕೆಲವು ದಿನ ತಪಕೀರ ಏರಿಸುತ್ತಲೇ ಇದ್ದರು. ಒಂದು ಮಧ್ಯಾಹ್ನ ಊಟ ಮಾಡುತ್ತಾ ಕೂತವರು ಒಮ್ಮೆಲೇ ನನ್ನ ಕಡೆ ತಿರುಗಿ, “ಅಕ್ಕೋರ, ಚಾಡಿ!” ಎಂದರು.

“ಯಾರ ಚಾಡಿ ಸರ?”

“ಯಾರದಾರ ಇರ್ಲಿ. ನಮ್ಮ ಸಾಲ್ಯಾಗ ಚಾಡಿ ಬರದಿದ್ದ ಹುಡುಗೂರ ಅದಾರೇನ್ರಿ? ದಿನಾ ಮುಂಜಾನಿ ಒಬ್ಬರ ಮ್ಯಾಲ ಒಬ್ಬರು ಹೇಳ್ತಾರ. ದ್ಯಾಮಿ ಮ್ಯಾಲ ಒಂದರ ಬಂದೈತೇನು? ಯಾವತ್ತ ಇಕಿ ಮ್ಯಾಲ ಚಾಡಿ ಬರತೈತಿ, ಅವತ್ತ ಇಕಿ ನಮ್ಮ ಸಾಲಿ ಹುಡಿಗಿ ಆದ್ಲು. ಅಲ್ಲೀತನಕ ಪರಊರಾಕಿ.”

ಅಂದಿನಿಂದ ಅವರು ಆ ಚಾಡಿಗಾಗಿ ಕಾಯತೊಡಗಿದರು. ಪ್ರಾರ್ಥನೆ ಮುಗಿದ ಕೂಡಲೇ, “ಯಾರಿಗರ ದ್ಯಾಮಿ ಏನರ ಮಾಡ್ಯಾಳೇನು?” ಎಂದು ಆಸೆಯಿಂದ ಕೇಳುವರು. ಹುಡುಗರು, “ಇಲ್ರೀ ಸರ, ಪಾಪ ಭಾಳ ಚಲೋ ಹುಡಿಗಿ ಅದಾಳ್ರಿ” ಎನ್ನುವರು. ಹೆಡ್‌ಮಾಸ್ತರರ ಮುಖ ಬಾಡಿಹೋಗುತ್ತಿತ್ತು.

ಎರಡನೆಯ ಪ್ಲ್ಯಾನೇ ರೈಲು ನಿಲ್ಲಿಸಿದ್ದು. ನಮ್ಮ ಶಾಲೆಯ ಗಂಟೆಯೆಂದರೆ ಬೇವಿನ ಗಿಡಕ್ಕೆ ತೂಗುಹಾಕಿದ ರೈಲು ಹಳಿಯ ತುಂಡು. ಅದನ್ನು ಬಾರಿಸಿದಾಗ ಎಲ್ಲರೂ ಓಡಿದರೆ ದ್ಯಾಮಿ ಒಬ್ಬಳೇ ಮೈದಾನದಲ್ಲಿ ಉಳಿಯುತ್ತಿದ್ದಳು, ಯಾರಾದರೂ ಕೈಹಿಡಿದು ಕರೆದುಕೊಂಡು ಬರಬೇಕಾಗುತ್ತಿತ್ತು. ಕೈಹಿಡಿದು ಕರೆತರುವುದೇ ಬೇಡ, ಗಂಟೆಯೇ ಬೇಡ ಎಂದು ಹೆಡ್‌ಮಾಸ್ತರರು ತೀರ್ಮಾನಿಸಿದರು. ಉದ್ದನೆಯ ಬಿದಿರಿಗೆ ಹಗ್ಗ ಕಟ್ಟಿ, ಬಟ್ಟೆ ಏರಿಸುವುದು. ಬಟ್ಟೆ ಮೇಲಿದ್ದರೆ ಶಾಲೆ ನಡೆಯುತ್ತಿದೆ, ಕೆಳಗಿಳಿದರೆ ಮುಗಿದಿದೆ. ಎಲ್ಲರಿಗೂ ದೂರದಿಂದ ಕಾಣಲೆಂದು ಹೆಂಡತಿಯ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗನ್ನೇ ಕತ್ತರಿಸಿ ತಂದಿದ್ದರು.

ದೂರದಿಂದ ಕಂಡಿತು. ಸೆರಗು ಮೇಲೇರಿ ಗಾಳಿಗೆ ಬಿಚ್ಚಿಕೊಂಡದ್ದೇ ತಡ, ಹೊಲದಾಚೆ ಬರುತ್ತಿದ್ದ ಗೂಡ್ಸ್ ರೈಲು ಹಲ್ಲು ಕಡಿದಂಥ ಸದ್ದು ಮಾಡುತ್ತಾ ನಿಂತೇಬಿಟ್ಟಿತು. ಸ್ವಲ್ಪ ಹೊತ್ತಿನಲ್ಲಿ ಡ್ರೈವರ್ ಹೆಸರಿನ ಹೊಲದಲ್ಲಿ ಎಡವುತ್ತಾ ಓಡಿಬಂದ.

“ಏನಾತ್ರಿ? ಹಳಿ ಕಿತ್ತೈತೇನು?”

“ಇಲ್ರಿ. ಪ್ರಾರ್ಥನಾ ಟೈಮ್ ಆತು” ಎಂದರು ಹೆಡ್‌ಮಾಸ್ತರರು.

ಆ ಮನುಷ್ಯ ಬಾಗಲಕೋಟೆ ಕಡೆಯವನು. ಬಾಗಲಕೋಟೆ ಕಡೆಯ ಬೈಗುಳಗಳು ನಮ್ಮ ಕಡೆಯವಕ್ಕಿಂತ ಸ್ವಲ್ಪ ಉದ್ದ ಎಂಬುದು ನನಗೆ ಅಂದು ತಿಳಿಯಿತು. ಬೈದು ಮುಗಿಯುವವರೆಗೆ ಹೆಡ್‌ಮಾಸ್ತರರು ಕೈಕಟ್ಟಿ ಕೇಳಿದರು. ಆಮೇಲೆ ವಿಷಯ ಹೇಳಿ, ನೀರು ಕೊಟ್ಟು, “ಹಂಗಾರ ಹಸರ ಕಟ್ಟಲ್ರಿ?” ಎಂದು ಸಲಹೆ ಕೇಳಿದರು.

“ಬ್ಯಾಡ್ರಿ ಸರ, ಹಸರ ಅಂದ್ರ ಓಡಸ್ರಿ ಅಂತ ನಮ್ಮ ಲೆಕ್ಕ.”

“ಹಳದಿ?”

“ಹಳದಿ ಅಂದ್ರ ಸಾವಕಾಶ. ಕೈ ಮುಗೀತೀನ್ರಿ, ನಮ್ಮ ಮೂರು ಬಣ್ಣ ನಮಗ ಬಿಡ್ರಿ.”

ಹೀಗಾಗಿ ಹಳೆಯ ಸಮವಸ್ತ್ರದ ನೀಲಿ ಲಂಗಗಳನ್ನು ಹೊಲಿದು ಬಟ್ಟೆ ಮಾಡಲಾಯಿತು. ಸೀರೆ ಕತ್ತರಿಸಿದ್ದಕ್ಕೆ ಮನೆಯಲ್ಲಿ ಏನಾಯಿತೆಂದು ಅವರು ಹೇಳಲಿಲ್ಲ. ಒಂದು ವಾರ ಬುತ್ತಿ ಇಲ್ಲದೆ ಬಂದು ನಮ್ಮ ಬುತ್ತಿಗಳಿಗೇ ಕೈಹಾಕಿದರು.

ರೈಲಿನವರು ಸಮಾಧಾನವಾದರೆ ಊರವರು ಎದ್ದರು. ಊರೆಲ್ಲ ನಡೆಯುತ್ತಿದ್ದುದೇ ನಮ್ಮ ಗಂಟೆಯ ಮೇಲೆ. ಅದರ ಸದ್ದಿಗೆ ಬೇಳೆ ಒಲೆಯೇರುತ್ತಿತ್ತು, ಅದರ ಸದ್ದಿಗೆ ಎಮ್ಮೆ ನೀರಿಗೆ ಹೋಗುತ್ತಿತ್ತು. ಗಂಟೆ ನಿಂತಮೇಲೆ ಹೊಲದಲ್ಲಿದ್ದವರಿಗೆ ಹೊತ್ತಿಗೆ ಬುತ್ತಿ ಬರಲಿಲ್ಲ, ಹೊಳೆಆಲೂರಿನ ಬಸ್ಸು ಎಷ್ಟೋ ಜನರಿಗೆ ತಪ್ಪಿತು. ಕಡೆಗೆ ಕಣ್ಣು ಕಾಣದ ಕಲ್ಲಪ್ಪಜ್ಜ ಕೋಲೂರುತ್ತಾ ಶಾಲೆಗೆ ಬಂದರು.

“ಏನ್ರೀ ಪ್ಲ್ಯಾನ್ ಮಾಸ್ತರ, ಆ ಹುಡಿಗೀಗೆ ಕೇಳಂಗಿಲ್ಲಂತ ಬಟ್ಟಿ ಕಟ್ಟೀರಿ. ನನಗ ಕಾಣಂಗಿಲ್ಲ. ಆಕೀನ್ನ ಒಳಗ ಕರಕೊಂಡ ನನ್ನ ಹೊರಗ ಹಾಕಿದ್ರೇನು?”

ಬೇರೆಯವರಾಗಿದ್ದರೆ ನಾಚಿಕೊಳ್ಳುತ್ತಿದ್ದರು. ನಮ್ಮವರು ಅಜ್ಜನ ಎರಡೂ ಕೈ ಹಿಡಿದುಕೊಂಡು, “ಖರೇ ಐತಿ ಅಜ್ಜಾರ, ನೀವೂ ಪ್ಲ್ಯಾನಿನ್ಯಾಗ ಬಂದ್ರಿ” ಎಂದರು. ಮರುದಿನದಿಂದ ಬಟ್ಟೆಯೂ ಏರಿತು, ಗಂಟೆಯೂ ಹೊಡೆಯಿತು. ಹಗ್ಗದ ಕೆಲಸ ದ್ಯಾಮಿಗೆ, ಗಂಟೆಯ ಕೆಲಸ ಕಲ್ಲಪ್ಪಜ್ಜನಿಗೆ. ಅವಳು ಬಟ್ಟೆ ಏರಿಸಿ ಅಜ್ಜನ ಅಂಗಿ ಜಗ್ಗುವುದು, ಅಜ್ಜ ಹಳಿ ಬಾರಿಸುವುದು. ಸಂಜೆ ಇಳಿಸಿದಾಗಲೂ ಹಾಗೆಯೇ. “ಹುಡಿಗಿ ನನ್ನ ಅಂಗಿ ಹರದ ಚಿಂದಿ ಮಾಡತಾಳ” ಎಂದು ಅಜ್ಜ ದಿನಾ ಗೊಣಗುವುದು, ದಿನಾ ಹೊತ್ತಿಗೆ ಮುಂಚೆಯೇ ಬಂದು ಕೂರುವುದು.

ಹಗ್ಗ ಕೈಗೆ ಬಂದಮೇಲೆ ದ್ಯಾಮಿ ಬೇರೆಯೇ ಆದಳು. ಆಫೀಸಿನ ಗಡಿಯಾರ ನೋಡಿಕೊಂಡು ಕಂಬದ ಬುಡದಲ್ಲಿ ನಿಂತಳೆಂದರೆ ಪೊಲೀಸರು ನಿಂತಂತೆ. ಹೊತ್ತಾಗದೆ ಬಟ್ಟೆ ಇಳಿಯದು, ಬಟ್ಟೆ ಇಳಿಯದೆ ಯಾರೂ ಗೇಟು ದಾಟುವಂತಿಲ್ಲ. ಅವಳ ಜೊತೆ ಜಗಳಾಡಲೆಂದೇ ಹುಡುಗರು ಅವಳ ಸನ್ನೆಗಳನ್ನು ಕಲಿತರು, ಇಲ್ಲದ್ದನ್ನು ಹುಟ್ಟಿಸಿಕೊಂಡರು. ಮೂಗಿಗೆ ಎರಡು ಬೆರಳು ಇಟ್ಟರೆ ಹೆಡ್‌ಮಾಸ್ತರರು. ಹುಬ್ಬು ಗಂಟಿಕ್ಕಿದರೆ ನಾನು. ಎರಡು ಮುಷ್ಟಿ ಕೂಡಿಸಿ ಜಗ್ಗಿದರೆ ಹಗ್ಗ. ಅಂಗೈ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿ, ಮತ್ತೆ ಎದ್ದು ಕಣ್ಣು ತೆರೆದರೆ ನಾಳೆ.

ದೀಪಾವಳಿ ಹತ್ತಿರ ಬಂದಿತ್ತು. ಫಕೀರವ್ವ ಎರಡು ಸಲ ಗೇಟಿನ ಹತ್ತಿರ ಬಂದು ನೋಡಿ ಹೋಗಿದ್ದಳು. ಆಗ ಒಂದು ಸಂಜೆ ಸೌಜನ್ಯ ಎಂಬ ಹುಡುಗಿ ಜಡೆ ಬಿಚ್ಚಿಕೊಂಡು, ಅಳುತ್ತಾ ಆಫೀಸಿಗೆ ನುಗ್ಗಿದಳು.

“ಸರ, ದ್ಯಾಮಿ ನನ್ನ ಪ್ಯಾರಲಹಣ್ಣ ತಿಂದ್ಲ್ರಿ! ಬಟ್ಟಿ ಲಗೂ ಇಳಸ ಅಂತ ಕೊಟ್ಟಿದ್ದೆ. ಹಣ್ಣ ಪೂರಾ ತಿಂದ್ಲ್ರಿ, ಬಟ್ಟಿ ಇಳಸ್ಲಿಲ್ರಿ! ಕೇಳಾಕ ಹ್ವಾದ್ರ ಜಡಿ ಹಿಡದ ಜಗ್ಗಿದ್ಲ್ರಿ!”

ಹೆಡ್‌ಮಾಸ್ತರರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

“ಖರೇ ಜಗ್ಗಿದ್ಲಾ?”

“ಖರೇನ್ರಿ.”

“ಜೋರಾಗಿ?”

“ಭಾಳ ಜೋರಾಗ್ರಿ ಸರ.”

“ಶಾಬಾಷ್!” ಎಂದುಬಿಟ್ಟರು. ಸೌಜನ್ಯ ಅಳುವುದನ್ನೇ ಮರೆತಳು. ಲಂಚ ಕೊಟ್ಟ ತಪ್ಪಿಗೆ ಅವಳನ್ನೂ ಬೈದು, ದ್ಯಾಮಿಯನ್ನು ಕರೆಸಿದರು. ಅವಳನ್ನೂ ಬೈಯಬೇಕು, ಆದರೆ ಹೇಗೆ? ಇಷ್ಟು ದಿನ ಯಾರೂ ಅವಳನ್ನು ಬೈದೇ ಇರಲಿಲ್ಲ, ಬೈಗುಳಕ್ಕೆ ಸನ್ನೆಯೇ ಇರಲಿಲ್ಲ. ಹೆಡ್‌ಮಾಸ್ತರರು ಸೌಜನ್ಯಳನ್ನೇ, “ಕಳ್ಳಿ ಅನ್ನಾಕ ಏನ ಮಾಡಬೇಕ?” ಎಂದು ಕೇಳಿದರು. ಅವಳು ಅಲ್ಲೇ ನಿಂತು ಒಂದು ಸನ್ನೆ ಹುಟ್ಟಿಸಿಕೊಟ್ಟಳು. ಅದು ಇಷ್ಟವಾಗಿ ದ್ಯಾಮಿ ಅದೇ ಸನ್ನೆಯನ್ನು ತಿರುಗಿಸಿ ಸೌಜನ್ಯಳಿಗೇ ಮಾಡಿದಳು. ಇಬ್ಬರೂ ನಗಲು ಶುರು ಮಾಡಿದರು, ಹೆಡ್‌ಮಾಸ್ತರರ ಬೈಗುಳ ಅರ್ಧಕ್ಕೇ ನಿಂತಿತು.

ಆಮೇಲೆ ಅವರು ನನ್ನನ್ನು ಹೊರಡಿಸಿಕೊಂಡು ಫಕೀರವ್ವನ ಮನೆಗೆ ಬಹುತೇಕ ಓಡಿದರು. ಅಂಗಳದಿಂದಲೇ, “ಆಯಿ, ನಿನ್ನ ಮೊಮ್ಮಗಳ ಮ್ಯಾಲ ಚಾಡಿ ಬಂದೈತಿ! ಲಂಚ ತಿಂದಾಳ, ಜಡಿ ಜಗ್ಗ್ಯಾಳ!” ಎಂದು ಕೂಗಿದರು. ಫಕೀರವ್ವ ಕಸಬರಿಗೆ ಹಿಡಿದು ಹೊರಗೆ ಬಂದಳು. ಅದು ಮೊಮ್ಮಗಳಿಗೋ ಹೆಡ್‌ಮಾಸ್ತರರಿಗೋ ಎಂದು ನನಗೆ ಗೊತ್ತಾಗಲಿಲ್ಲ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಚಾಡಿ ಹೇಳಿದವರ ಯಾರು?” ಎಂದಳು.

“ಸೌಜನ್ಯ.”

“ಅಯ್ಯ ಪಾಪ ಅಂದ್ಲೇನು?”

“ಇಲ್ಲ ಆಯಿ. ಕಳ್ಳಿ ಅಂದ್ಲು.”

ಫಕೀರವ್ವ ಕಸಬರಿಗೆ ಕೆಳಗಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗೆ ಹೋಗಿ ನಮಗೆ ಚಹಾ ಇಟ್ಟಳು. ಆಡುಗಳನ್ನು ದೀಪಾವಳಿಯ ಮೊದಲೇ ಮಾರಿದಳು, ಒಂದನ್ನು ಬಿಟ್ಟು. ಅದು ಕಿವಿಯ ಮಷಿನ್ ಕಟ್ಟಿಕೊಂಡಿದ್ದ ಆಡು.

ಅಲ್ಲಿಂದ ಮುಂದೆ ದ್ಯಾಮಿಯ ಮೇಲೆ ಎಷ್ಟು ಚಾಡಿ ಬಂದವೆಂದರೆ ಹೆಡ್‌ಮಾಸ್ತರರಿಗೇ ಬೇಸರ ಬಂತು. ಅವಳು ತನ್ನದೇ ಒಂದು ಕಾಯಿದೆ ಮಾಡಿದ್ದಳು. ಬಟ್ಟೆ ಇಳಿಯುವ ಮೊದಲು ಯಾರು ಹೋದರೂ, ಮರುದಿನ ಬಂದು ಪ್ರಾರ್ಥನೆ ಮುಗಿಯುವವರೆಗೆ ಹಗ್ಗ ಹಿಡಿದು ನಿಲ್ಲಬೇಕು. ಒಮ್ಮೆ ಹೆಡ್‌ಮಾಸ್ತರರೇ ರೋಣದ ಮೀಟಿಂಗಿಗೆಂದು ಹೇಳದೆ ಹೋಗಿ ಸಿಕ್ಕುಬಿದ್ದರು. ಮರುದಿನ ಶಾಲೆ ನೋಡಲು ಬಂದ ಅಧಿಕಾರಿಗಳು, ಹೆಡ್‌ಮಾಸ್ತರರು ಕಂಬದ ಹತ್ತಿರ ಹಗ್ಗ ಹಿಡಿದು ನಿಂತಿದ್ದು ಕಂಡು ಏನು ವಿಷಯ ಎಂದರು. “ಶಿಕ್ಷಾ ಆಗೇತ್ರಿ” ಎಂದರು ನಮ್ಮವರು, ಹಗ್ಗ ಬಿಡದೆ. ಅಂದಿನಿಂದ ಹೊರಗೆ ಹೋಗಬೇಕಾದಾಗಲೆಲ್ಲ ದ್ಯಾಮಿಯ ಮುಂದೆ ನಿಂತು ಕೈಯಾಡಿಸಿ ಪರವಾನಗಿ ಕೇಳುತ್ತಿದ್ದರು. ಅವಳು ಒಮ್ಮೊಮ್ಮೆ ಕೊಡುತ್ತಿರಲಿಲ್ಲ.

ಈ ವರ್ಷ ದ್ಯಾಮಿ ಎಂಟನೆಯ ಇಯತ್ತೆ. ಅವಳೂ ಹೆಡ್‌ಮಾಸ್ತರರೂ ಬೇಸಿಗೆಗೆ ಒಟ್ಟಿಗೇ ಶಾಲೆ ಬಿಡುವವರಿದ್ದರು. ಅವಳು ಹೊಳೆಆಲೂರಿನ ಹೈಸ್ಕೂಲಿಗೆ, ಅವರು ನಿವೃತ್ತರಾಗಿ ಮನೆಗೆ. ಒಂದು ಶನಿವಾರ ಎದೆ ಉರಿಯುತ್ತಿದೆ ಎಂದವರು, ನಾನು ಬರುತ್ತೇನೆಂದರೂ ಬೇಡವೆಂದು, ಮೊಪೆಡ್ ತಳ್ಳಿಕೊಂಡು ಹೊರಟರು. ದ್ಯಾಮಿ ಆಗ ತರಗತಿಯಲ್ಲಿದ್ದಳು. ಬಟ್ಟೆ ಮೇಲಿತ್ತು. ಸೋಮವಾರ ಹಲಗೆ ಖಾಲಿಯಿತ್ತು.

ಇತ್ತ ಶಾಲೆಯ ಮೈದಾನದ ಶ್ರದ್ಧಾಂಜಲಿ ಸಭೆಯಲ್ಲಿ ಅವರು ದೇವರಾಗುತ್ತಲೇ ಇದ್ದರು. ಇನ್ನೇನು ಮೌನಾಚರಣೆ ಎನ್ನುವಾಗ ಹುಡುಗಿಯರ ಸಾಲಿನಿಂದ ದ್ಯಾಮಿ ಎದ್ದು ಮುಂದೆ ಬಂದಳು. ಅಧಿಕಾರಿಗಳು ಪಕ್ಕದವರ ಕಡೆ ವಾಲಿ ಏನೋ ಮರುಕದ ಮಾತಾಡಿದರು. ದ್ಯಾಮಿ ಫೋಟೋದ ಕಡೆ ನೋಡಿ, ಎರಡು ಬೆರಳು ಮೂಗಿಗಿಟ್ಟಳು. ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಅವಳು ಕಂಬದ ಮೇಲಿನ ನೀಲಿ ಬಟ್ಟೆ ತೋರಿಸಿದಳು. ಗೇಟು ತೋರಿಸಿದಳು. ತನ್ನ ಎದೆಗೆ ಕೈಯಿಟ್ಟು, ನನಗೆ ಹೇಳಲಿಲ್ಲ ಎಂದು ಕೈಯಾಡಿಸಿದಳು. ಇಡೀ ಶಾಲೆಗೆ ತಿಳಿಯಿತು, ಫಕೀರವ್ವನಿಗೂ ತಿಳಿಯಿತು. ತಿಳಿಯದೆ ಉಳಿದವರು ವೇದಿಕೆಯ ಮೇಲಿದ್ದವರು ಮತ್ತು ಗಂಟೆಯ ಹತ್ತಿರ ಕೂತಿದ್ದ ಕಲ್ಲಪ್ಪಜ್ಜ.

“ಏನಂತಾಳ ಹುಡಿಗಿ?” ಎಂದು ಅಜ್ಜ ಗಟ್ಟಿಯಾಗಿ ಕೇಳಿದರು.

ನಾನೇ ಎದ್ದು ಹೇಳಿದೆ. “ಚಾಡಿ ಹೇಳಾಕತ್ತಾಳ್ರಿ ಅಜ್ಜಾರ. ಬಟ್ಟಿ ಇಳಸೂಕಿಂತ ಮೊದಲ ಸರ ಹ್ವಾದ್ರಂತ.”

ಪೆಂಡಾಲಿನಲ್ಲಿ ನಗು ಎದ್ದಿತು, ಅಳುವೂ ಅದರಲ್ಲೇ ಇತ್ತು. ಬೆಳಗಿನಿಂದ ಮೊದಲ ಬಾರಿಗೆ ಫೋಟೋದಲ್ಲಿದ್ದವರು ನಮ್ಮ ಹೆಡ್‌ಮಾಸ್ತರರ ಹಾಗೆ ಕಂಡರು.

“ಖರೇ ಐತಿ” ಎಂದರು ಅಜ್ಜ. “ತಪ್ಪ ಮಾಡ್ಯಾನ. ಶಿಕ್ಷಾ ಏನಂತ ಕೇಳ್ರಿ.”

ಕೇಳುವ ಕೆಲಸವೇ ಇರಲಿಲ್ಲ. ದ್ಯಾಮಿ ಅಂಗೈ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. ಆಮೇಲೆ ತಲೆಯೆತ್ತಿ, ಕಣ್ಣು ತೆರೆದು, ಎರಡು ಮುಷ್ಟಿ ಕೂಡಿಸಿ ಹಗ್ಗ ಜಗ್ಗಿದಳು.

“ಅಕ್ಕೋರ, ಏನಂದ್ಲು?”

“ನಾಳಿಗೆ ಬಂದು ಹಗ್ಗ ಹಿಡಕೊಂಡ ನಿಂದರಬೇಕಂತ್ರಿ.”